ತೂಕವೊಂದನ್ನೇ ನಂಬಿ ರಬ್ಬರ್ ಫೋಮನ್ನು ಅಳೆಯಲಾಗದು

ಸಂಪಾದಕರಿಗೆ,

ಮಾನ್ಯರೇ,

ನೈಸರ್ಗಿಕ ರಬ್ಬರಿನ ಫೋಮ್ ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ದಿನವೂ ಬಳಸುವ, ಆದರೆ ಒಳಗೇನಿದೆ ಎಂದು ಯಾರೂ ಕೇಳದ ವಸ್ತುವೊಂದನ್ನು ಚರ್ಚೆಗೆ ತಂದದ್ದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ. ಆದರೆ ಲೇಖನದಲ್ಲಿದ್ದ ಎರಡು ಮಾತುಗಳನ್ನು ಹಾಗೆಯೇ ಬಿಟ್ಟರೆ ಓದುಗರಿಗೆ ತಪ್ಪು ಕಲ್ಪನೆ ಉಳಿದುಬಿಡುತ್ತದೆ ಎಂಬ ಕಾರಣಕ್ಕೆ ಈ ಪತ್ರ. ತೂಕ ಹೆಚ್ಚಿದ್ದಷ್ಟೂ ಫೋಮಿನ ಗುಣಮಟ್ಟ ಹೆಚ್ಚು ಎಂಬುದು ಮೊದಲನೆಯ ಮಾತು. ಫಿಲ್ಲರ್, ಅಂದರೆ ರಬ್ಬರಿನ ಜೊತೆ ಸೇರಿಸುವ ಪುಡಿ, ಬೆರೆಸುವುದೆಂದರೆ ಕಲಬೆರಕೆಯೇ ಸರಿ ಎಂಬುದು ಎರಡನೆಯದು. ಇವೆರಡೂ ಒಂದೇ ಕಡೆ ನಿಲ್ಲಲಾರವು. ಫೋಮಿನ ತೂಕವನ್ನು ಏರಿಸುವ ಅತ್ಯಂತ ಸುಲಭದ ದಾರಿಯೇ ಅದಕ್ಕೆ ಖನಿಜದ ಪುಡಿ ಬೆರೆಸುವುದು. ಹಾಗಿರುವಾಗ ತೂಕವನ್ನು ಗುಣವೆಂದೂ ಪುಡಿಯನ್ನು ದೋಷವೆಂದೂ ಒಟ್ಟಿಗೆ ಹೇಳಿದರೆ, ಕೊಳ್ಳುವವರ ಕೈಗೆ ತಪ್ಪು ಅಳತೆಗೋಲನ್ನು ಕೊಟ್ಟಂತಾಗುತ್ತದೆ. ರಬ್ಬರ್ ಪರೀಕ್ಷಾಲಯದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ, ಫಿಲ್ಲರ್ ಫೋಮಿಗೆ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅವಕಾಶ ಕೊಡಿ.

ಫೋಮ್ ಎಂದರೆ ರಬ್ಬರಿಗಿಂತ ಗಾಳಿಯೇ ಹೆಚ್ಚಿರುವ ವಸ್ತು. ಮರದಿಂದ ಇಳಿಸಿದ ರಬ್ಬರ್ ಹಾಲಿನಲ್ಲಿ ಒಣ ರಬ್ಬರಿನ ಪಾಲು ಮೂರನೇ ಒಂದರಷ್ಟು. ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಶೇ 60ಕ್ಕೆ ಏರಿಸಿ, ಕೆಡದಂತೆ ಅಮೋನಿಯಾ ಸೇರಿಸಿ ಇಡುತ್ತಾರೆ. 1929ರ ಸುಮಾರಿಗೆ ಡನ್‌ಲಪ್ ಕಂಪನಿಯಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ವಿಧಾನದಲ್ಲಿ, ಈ ಹಾಲಿಗೆ ಸಾಬೂನು, ಗಂಧಕ, ವೇಗವರ್ಧಕಗಳನ್ನು ಸೇರಿಸಿ ಹಲವು ಪಟ್ಟು ಉಬ್ಬುವವರೆಗೆ ಕಡೆಯುತ್ತಾರೆ. ಜಿಂಕ್ ಆಕ್ಸೈಡನ್ನೂ ಸೋಡಿಯಂ ಸಿಲಿಕೊಫ್ಲೋರೈಡನ್ನೂ ಸೇರಿಸಿ, ನೊರೆ ಕುಸಿಯುವ ಮೊದಲೇ ಅದು ಹೆಪ್ಪುಗಟ್ಟುವಂತೆ ಮಾಡಿ, ಅಚ್ಚಿನಲ್ಲಿ ಹಬೆಯಿಂದ ಬೇಯಿಸಿ ವಲ್ಕನೀಕರಿಸುತ್ತಾರೆ, ಅಂದರೆ ಗಂಧಕದಿಂದ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಕೊನೆಗೆ ತೊಳೆದು ಒಣಗಿಸಿದಾಗ ಉಳಿಯುವುದು ಒಂದಕ್ಕೊಂದು ತೆರೆದುಕೊಂಡ ಲಕ್ಷಾಂತರ ಸಣ್ಣ ಕೋಶಗಳು, ಅವುಗಳ ನಡುವೆ ತೆಳ್ಳನೆಯ ರಬ್ಬರಿನ ಎಳೆಗಳು. ಘನ ಮೀಟರಿಗೆ 100 ಕಿಲೊಗ್ರಾಂ ತೂಗುವ ಫೋಮಿನಲ್ಲಿ ಘನವಸ್ತು ಆಕ್ರಮಿಸುವ ಜಾಗ ಶೇ 11ಕ್ಕಿಂತ ಕಡಿಮೆ. ನಾವು ಕುಳಿತಾಗಲೂ ಮಲಗಿದಾಗಲೂ ಭಾರ ಹೊರುವುದು ಈ ತೆಳು ಎಳೆಗಳೇ. ಫಿಲ್ಲರ್ ಹೋಗಿ ಕೂರುವುದೂ ಅವುಗಳ ಒಳಗೇ.

ಇಲ್ಲೊಂದು ಹಳೆಯ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಿಸಬೇಕು. ಟೈರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಕಪ್ಪು ಪುಡಿ ಬೆರೆಸಿದರೆ ಸವಕಳಿ ತಡೆಯುವ ಶಕ್ತಿ ಬಹಳ ಹೆಚ್ಚುತ್ತದೆ, ಆದ್ದರಿಂದ ಫೋಮಿಗೂ ಯಾವುದೋ ಪುಡಿ ಬೆರೆಸಿದರೆ ಅದೂ ಬಲಗೊಳ್ಳುತ್ತದೆ ಎಂದು ಉದ್ಯಮದಲ್ಲಿರುವವರೇ ಕೆಲವರು ವಾದಿಸುತ್ತಾರೆ. ಟೈರಿನ ರಬ್ಬರನ್ನು ಭಾರೀ ಯಂತ್ರಗಳಲ್ಲಿ ನಾದುವಾಗ, ಅತಿ ಸೂಕ್ಷ್ಮವಾದ ಕಾರ್ಬನ್ ಕಣಗಳ ಮೈಗೆ ರಬ್ಬರಿನ ಸರಪಳಿಗಳು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಬಲವರ್ಧನೆಯ ಗುಟ್ಟು ಆ ಬೆಸುಗೆಯಲ್ಲಿದೆ. ರಬ್ಬರ್ ಹಾಲಿನಲ್ಲಿ ಅಂಥ ನಾದುವಿಕೆ ಇಲ್ಲ. ಅಲ್ಲಿ ರಬ್ಬರ್ ಈಗಾಗಲೇ ಪ್ರೋಟೀನು ಮತ್ತು ಕೊಬ್ಬಿನ ತೆಳು ಹೊದಿಕೆಯಿರುವ ಗೋಲಿಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಬೆರೆಸಿದ ಪುಡಿ ಆ ಗೋಲಿಗಳ ಸಂದುಗಳಲ್ಲಿ ಸೇರಿಕೊಳ್ಳುತ್ತದೆಯೇ ಹೊರತು ಸರಪಳಿಗಳೊಂದಿಗೆ ಬೆಸೆದುಕೊಳ್ಳುವುದಿಲ್ಲ. ಹೀಗಾಗಿ ಟೈರಿನಲ್ಲಿ ಅದ್ಭುತ ಕೆಲಸ ಮಾಡುವ ಅದೇ ಕಾರ್ಬನ್ ಬ್ಲ್ಯಾಕ್ ಹಾಲಿನಿಂದ ಮಾಡಿದ ವಸ್ತುವಿನಲ್ಲಿ ಬಹುಮಟ್ಟಿಗೆ ಬಣ್ಣದ ಪುಡಿಯಾಗಿಯೇ ಉಳಿಯುತ್ತದೆ.

ಮೇಲಾಗಿ, ನೈಸರ್ಗಿಕ ರಬ್ಬರಿಗೆ ಬಲಕ್ಕಾಗಿ ಫಿಲ್ಲರಿನ ಹಂಗೇ ಇಲ್ಲ. ಅದರ ಸರಪಳಿಗಳು ಎಷ್ಟು ಕ್ರಮಬದ್ಧವಾಗಿವೆಯೆಂದರೆ, ಮೂರು ನಾಲ್ಕು ಪಟ್ಟು ಎಳೆದಾಗ ಅವು ಸಾಲುಗೂಡಿ ಹರಳುಗಟ್ಟುತ್ತವೆ, ಬಿಟ್ಟೊಡನೆ ಹರಳು ಕರಗಿ ಮೊದಲಿನಂತಾಗುತ್ತವೆ. ಬಿರುಕೊಂದು ಮುಂದೆ ಸರಿಯಲು ಹೊರಟರೆ ಅದರ ತುದಿಯಲ್ಲಿ ರಬ್ಬರು ಹೆಚ್ಚು ಎಳೆಯಲ್ಪಟ್ಟು, ಅಲ್ಲೇ ಹರಳುಗಟ್ಟಿ ಬಿರುಕಿಗೆ ಅಡ್ಡ ನಿಲ್ಲುತ್ತದೆ. ಯಾವ ಪುಡಿಯೂ ಇಲ್ಲದ ನೈಸರ್ಗಿಕ ರಬ್ಬರು 20 ಮೆಗಾಪ್ಯಾಸ್ಕಲಿಗೂ ಹೆಚ್ಚಿನ ಕರ್ಷಣ ಬಲ, ಅಂದರೆ ಹರಿಯುವ ಮೊದಲು ಎಳೆತವನ್ನು ತಾಳುವ ಶಕ್ತಿ, ತೋರಿಸಬಲ್ಲದು. ಈ ಗುಣವಿಲ್ಲದ ಸ್ಟೈರೀನ್ ಬ್ಯುಟಾಡಯೀನ್ ಎಂಬ ಕೃತಕ ರಬ್ಬರು ಫಿಲ್ಲರ್ ಇಲ್ಲದೆ ಎರಡು ಮೂರು ಮೆಗಾಪ್ಯಾಸ್ಕಲಿಗೇ ಹರಿದುಹೋಗುತ್ತದೆ. ಆದ್ದರಿಂದ ನೈಸರ್ಗಿಕ ರಬ್ಬರಿನ ಫೋಮಿಗೆ ಫಿಲ್ಲರ್ ಬೆರೆಸಿದವರು "ಬಲ ಬರಲೆಂದು ಬೆರೆಸಿದೆವು" ಎಂದರೆ ಒಪ್ಪಬೇಕಿಲ್ಲ. ವೆಚ್ಚ ತಗ್ಗಿಸಲು, ಬಿಗಿತ ಹೆಚ್ಚಿಸಲು, ಬೆಂಕಿ ತಡೆಯಲು, ಕಂಪನ ಹೀರಲು ಎಂದರೆ ಆ ಮಾತಿನಲ್ಲಿ ಹುರುಳಿದೆ.

ಈಗ ತೂಕದ ವಿಷಯಕ್ಕೆ ಬರುತ್ತೇನೆ. ಲೇಖನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಬೇಕಿರುವುದು ಎರಡು ಪ್ರಸಿದ್ಧ ಸೂತ್ರಗಳು ಮಾತ್ರ. ದ್ರವದಲ್ಲಿ ತೇಲುವ ಕಣಗಳಿಗಾಗಿ ಐನ್‌ಸ್ಟೈನ್ ಕೊಟ್ಟ ಸೂತ್ರವನ್ನು 1938ರಲ್ಲಿ ಗುತ್ ಮತ್ತು ಗೋಲ್ಡ್ ಮುಂದುವರಿಸಿದರು. ರಬ್ಬರಿನಲ್ಲಿ ಪುಡಿ ಬೆರೆತಾಗ ಬಿಗಿತ ಎಷ್ಟು ಪಟ್ಟು ಏರುತ್ತದೆ ಎಂದು ಅಂದಾಜು ಮಾಡಲು ಅದನ್ನೇ ಬಳಸುತ್ತಾರೆ. ಪುಡಿ ಆಕ್ರಮಿಸುವ ಗಾತ್ರದ ಪಾಲನ್ನು 2.5ರಿಂದ ಗುಣಿಸಿ, ಆ ಪಾಲಿನ ವರ್ಗವನ್ನು 14.1ರಿಂದ ಗುಣಿಸಿ, ಎರಡನ್ನೂ ಒಂದಕ್ಕೆ ಕೂಡಿಸಿದರೆ ಉತ್ತರ ಸಿಗುತ್ತದೆ. ಎರಡನೆಯ ಸೂತ್ರ 1982ರಲ್ಲಿ ಗಿಬ್ಸನ್ ಮತ್ತು ಆಶ್ಬಿ ಕೊಟ್ಟದ್ದು: ತೆರೆದ ಕೋಶಗಳ ಫೋಮಿನ ಬಿಗಿತವು ಎಳೆಗಳ ವಸ್ತುವಿನ ಬಿಗಿತಕ್ಕೆ ಅನುಪಾತದಲ್ಲಿರುತ್ತದೆ, ಜೊತೆಗೆ ಫೋಮಿನಲ್ಲಿ ಘನವಸ್ತು ಆಕ್ರಮಿಸುವ ಪಾಲಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ.

100 ಭಾಗ ರಬ್ಬರಿಗೆ ತೂಕದಲ್ಲಿ 50 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ, ಬೆರೆಸಿದೆವೆಂದುಕೊಳ್ಳೋಣ. ರಬ್ಬರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ, ಪುಡಿಯದು 2.7 ಗ್ರಾಂ. ಪುಡಿ ಅಷ್ಟು ಭಾರವಾದ್ದರಿಂದ, ತೂಕದಲ್ಲಿ ಮೂರನೇ ಒಂದು ಪಾಲಿದ್ದರೂ ಗಾತ್ರದಲ್ಲಿ ಅದು ಆಕ್ರಮಿಸುವುದು ಶೇ 14.5ರಷ್ಟು ಮಾತ್ರ. ಮೊದಲ ಸೂತ್ರದ ಪ್ರಕಾರ ಎಳೆಗಳ ಬಿಗಿತ 1.66 ಪಟ್ಟಾಗುತ್ತದೆ, ಮಿಶ್ರಣದ ಸಾಂದ್ರತೆ 1.18ಕ್ಕೆ ಏರುತ್ತದೆ. ತಯಾರಕರು ಮೊದಲಿನಷ್ಟೇ ಉಬ್ಬಿಸಿ ಅಚ್ಚಿಗೆ ಸುರಿದರೆ, ಫೋಮಿನ ತೂಕ ಶೇ 28ರಷ್ಟೂ ಬಿಗಿತ ಶೇ 66ರಷ್ಟೂ ಹೆಚ್ಚುತ್ತವೆ. ಹೆಚ್ಚು ತೂಕ, ಹೆಚ್ಚು ಗಟ್ಟಿ: ತಮ್ಮ ಲೇಖನದ ಅಳತೆಗೋಲಿನಲ್ಲಿ ಇದು ಉತ್ತಮ ಫೋಮ್ ಅನ್ನಿಸಿಕೊಳ್ಳುತ್ತದೆ. ಆದರೆ ರಬ್ಬರು ಹೆಚ್ಚಿಲ್ಲ. ನಿಖರವಾಗಿ ಹೇಳಬೇಕೆಂದರೆ ಅದೇ ಅಚ್ಚಿನಲ್ಲಿ ರಬ್ಬರು ಮೊದಲಿಗಿಂತ ಕಡಿಮೆಯೇ ಇದೆ.

ಇನ್ನೊಂದು ಸಾಧ್ಯತೆ ಇದಕ್ಕಿಂತ ಮುಖ್ಯ. ತಯಾರಕರು ಫೋಮನ್ನು ಇನ್ನಷ್ಟು ಉಬ್ಬಿಸಿ, ತೂಕವನ್ನು ಮೊದಲಿನ ಘನ ಮೀಟರಿಗೆ 100 ಕಿಲೊಗ್ರಾಮಿಗೇ ತಂದು ನಿಲ್ಲಿಸಿದರೆ ಏನಾಗುತ್ತದೆ? ಆಗ ಘನವಸ್ತುವಿನ ಪಾಲು ಶೇ 10.9ರಿಂದ ಶೇ 8.5ಕ್ಕೆ ಇಳಿಯುತ್ತದೆ. ಎರಡನೆಯ ಸೂತ್ರದಂತೆ ಹೊಸ ಪಾಲನ್ನು ಹಳೆಯದರಿಂದ ಭಾಗಿಸಿ ವರ್ಗ ಮಾಡಿದರೆ 0.61, ಅದನ್ನು 1.66ರಿಂದ ಗುಣಿಸಿದರೆ 1.01. ಅಂದರೆ ತೂಕವೂ ಅಷ್ಟೇ, ಕೈಯಿಂದ ಒತ್ತಿದಾಗ ಸಿಗುವ ಬಿಗಿತವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೂರನೇ ಒಂದು ಪಾಲು ರಬ್ಬರಿನ ಜಾಗದಲ್ಲಿ ಸುಣ್ಣಕಲ್ಲಿನ ಪುಡಿ ಇದೆ. ಪುಡಿಯನ್ನು 20 ಭಾಗಕ್ಕೆ ಇಳಿಸಿ ಇದೇ ಲೆಕ್ಕ ಮಾಡಿದರೂ ಬಿಗಿತ ಶೇ 4ರಷ್ಟು ಮಾತ್ರ ಕಡಿಮೆಯಾಗುತ್ತದೆ, ಬೆರಳಿಗೆ ತಿಳಿಯುವಷ್ಟು ವ್ಯತ್ಯಾಸವಲ್ಲ. ಕಣಗಳು ದುಂಡಗಿವೆ, ಸಮನಾಗಿ ಹರಡಿವೆ ಎಂದು ಭಾವಿಸಿ ಮಾಡಿದ ಆದರ್ಶ ಲೆಕ್ಕ ಇದು. ನಿಜವಾದ ಫೋಮಿನಲ್ಲಿ ಅಂಕಿಗಳು ಆಚೀಚೆ ಆಗುತ್ತವೆ. ಆದರೂ ತಕ್ಕಡಿ ಮತ್ತು ಅಂಗೈ ಎರಡನ್ನೂ ಒಟ್ಟಿಗೆ ಬಳಸಿದರೂ ಪುಡಿ ಬೆರೆತದ್ದು ಗೊತ್ತಾಗದೇ ಹೋಗಬಹುದು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ವ್ಯತ್ಯಾಸ ಎಲ್ಲಿ ಕಾಣುತ್ತದೆ? ನನ್ನ ಮೇಜಿನ ಮೇಲೆ ನಡೆದದ್ದನ್ನೇ ಹೇಳುತ್ತೇನೆ. ಒಮ್ಮೆ ಬೇರೆ ಬೇರೆ ಕಡೆಯಿಂದ ಬಂದ ಎರಡು ಫೋಮಿನ ತುಂಡುಗಳು ಪರೀಕ್ಷೆಗೆ ಬಂದವು. ತೂಗಿದರೆ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಅಂಗೈಯಿಂದ ಒತ್ತಿದರೆ ನನಗೂ ನನ್ನ ಸಹೋದ್ಯೋಗಿಗೂ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ. ಎರಡನ್ನೂ ಲೋಹದ ತಟ್ಟೆಗಳ ನಡುವೆ ಇಟ್ಟು, ದಪ್ಪ ಅರ್ಧಕ್ಕೆ ಇಳಿಯುವಂತೆ ಬೋಲ್ಟು ಬಿಗಿದು, 70 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ 22 ಗಂಟೆ ಬಿಟ್ಟೆವು. ಕಂಪ್ರೆಷನ್ ಸೆಟ್ ಎಂದು ಕರೆಯುವ ಈ ಪರೀಕ್ಷೆಯಲ್ಲಿ, ತಟ್ಟೆ ತೆಗೆದ ಮೇಲೆ 30 ನಿಮಿಷ ಕಾದು ದಪ್ಪವನ್ನು ಅಳೆಯುತ್ತಾರೆ. ಬೋಲ್ಟು ಸಡಿಲಿಸಿದ ಕೂಡಲೇ ಮೊದಲನೆಯ ತುಂಡು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಅರ್ಧ ಗಂಟೆಯಲ್ಲಿ ಅದರ ಅಂಚುಗಳು ಮತ್ತೆ ನೆಟ್ಟಗಾದವು. ಎರಡನೆಯದರ ಮೂಲೆಗಳು ಮಾತ್ರ ನಿಧಾನವಾಗಿ ಎದ್ದವು, ನಡುಭಾಗ ತಗ್ಗಾಗಿಯೇ ಉಳಿಯಿತು. ಅದನ್ನು ಬ್ಲೇಡಿನಿಂದ ಕತ್ತರಿಸಿ, ಕತ್ತರಿಸಿದ ಮೈಯನ್ನು ಕಪ್ಪು ಕಾಗದದ ಮೇಲೆ ಉಜ್ಜಿದಾಗ ಕಾಗದದ ಮೇಲೆ ಬಿಳಿಯ ಗೆರೆ ಮೂಡಿತು. ಮರುದಿನ ನೋಡಿದರೂ ಆ ತಗ್ಗು ತುಂಬಿರಲಿಲ್ಲ. ಅಂಥ ಫೋಮಿನ ಮೇಲೆ ವರ್ಷಗಟ್ಟಲೆ ಮಲಗುವವರ ಬೆನ್ನಿನ ಗತಿಯೇನು ಎಂಬ ಯೋಚನೆ ನನಗೆ ಆಗಲೂ ಬಂತು, ಈಗಲೂ ಬರುತ್ತದೆ.

ಹೀಗಾಗಲು ಕಾರಣವಿದೆ. ಒತ್ತಿದ ಫೋಮು ಮೇಲೇಳುವುದು ರಬ್ಬರ್ ಸರಪಳಿಗಳಿಗೆ ತಮ್ಮ ಮೊದಲಿನ ಸುರುಳಿಯ ಸ್ಥಿತಿಗೆ ಮರಳುವ ಸಹಜ ಸೆಳೆತ ಇರುವುದರಿಂದ. ಖನಿಜದ ಕಣಕ್ಕೆ ಅಂಥ ಸೆಳೆತವಿಲ್ಲ. ಬಹಳ ಹೊತ್ತು ಒತ್ತಿ ಹಿಡಿದಾಗ ಕಣದ ಮೈಗೆ ತಗುಲಿಕೊಂಡಿದ್ದ ಸರಪಳಿಗಳು ಅಲ್ಲಲ್ಲೇ ಜಾರಿ ಹೊಸ ಜಾಗದಲ್ಲಿ ಕುಳಿತುಕೊಳ್ಳುತ್ತವೆ. ಒತ್ತಡ ತೆಗೆದ ಮೇಲೆ ಹಳೆಯ ಜಾಗಕ್ಕೆ ಅವುಗಳನ್ನು ಎಳೆಯುವ ಶಕ್ತಿ ಸಾಲುವುದಿಲ್ಲ. ಒತ್ತಿ ಬಿಡುವ ಪ್ರತಿ ಸುತ್ತಿನಲ್ಲೂ ಕಣಗಳ ನಡುವಿನ ತಿಕ್ಕಾಟದಿಂದ ಒಂದಷ್ಟು ಶಕ್ತಿ ಶಾಖವಾಗಿ ಸೋರಿಹೋಗುವುದರಿಂದ ಫೋಮಿನ ಪುಟಿತವೂ ತಗ್ಗುತ್ತದೆ. ಫಿಲ್ಲರ್ ಇರುವ ರಬ್ಬರನ್ನು ಮೊದಲ ಸಲ ಎಳೆದಾಗ ತೋರುವ ಬಿಗಿತ ಎರಡನೆಯ ಸಲಕ್ಕೆ ಇರುವುದಿಲ್ಲ. ಮಲ್ಲಿನ್ಸ್ ಪರಿಣಾಮ ಎಂದು ಕರೆಯುವುದು ಇದನ್ನೇ. ಕೊಳ್ಳುವಾಗ ಗಟ್ಟಿಯಾಗಿದ್ದ ಫೋಮು ಕೆಲವೇ ದಿನಗಳಲ್ಲಿ ಮೆತ್ತಗಾಯಿತು ಎಂಬ ದೂರಿನ ಹಿಂದೆ ಇದರ ಪಾಲೂ ಇರಬಹುದು.

ಎಳೆದಾಗ ಮತ್ತು ಹರಿದಾಗ ಆಗುವ ನಷ್ಟಕ್ಕೆ ಕಾರಣ ಬೇರೆ. ಫೋಮಿನ ಕೆಲವು ಎಳೆಗಳೂ ಪೊರೆಗಳೂ ಒಂದು ಮಿಲಿಮೀಟರಿನ ನೂರನೇ ಒಂದರಷ್ಟು ತೆಳುವಾಗಿರುತ್ತವೆ; ಒರಟಾಗಿ ಅರೆದ ಪುಡಿಯ ಕಣವೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಗಟ್ಟಿ ರಬ್ಬರ್ ಹಾಳೆಯಲ್ಲಿ ಲೆಕ್ಕಕ್ಕೆ ಬಾರದ ಕಣವೊಂದು ಫೋಮಿನ ಎಳೆಯಲ್ಲಿ ಇಡೀ ಅಡ್ಡಗಲವನ್ನೇ ಆಕ್ರಮಿಸಬಹುದು. ಎಳೆದಾಗ ಕಣದ ಮೈಯಿಂದ ರಬ್ಬರು ಬಿಟ್ಟುಕೊಂಡು, ಅಲ್ಲೊಂದು ಸಣ್ಣ ಟೊಳ್ಳು ಹುಟ್ಟಿ, ಎಳೆ ಅಲ್ಲೇ ತುಂಡಾಗುತ್ತದೆ. ಪುಡಿಯ ಪ್ರಮಾಣ ಹೆಚ್ಚಿದಂತೆ ಗಡಸುತನ ಏರುತ್ತದೆ, ಕರ್ಷಣ ಬಲವೂ ಹಿಗ್ಗುವಿಕೆಯೂ ಇಳಿಯುತ್ತವೆ. ರಬ್ಬರ್ ಹಾಲಿನ ಫೋಮಿನಲ್ಲಿ ಮತ್ತೆ ಮತ್ತೆ ಕಂಡಿರುವ ಚಿತ್ರ ಇದು.

ಪುಡಿ ಎಷ್ಟು ಎಂಬುದರ ಜೊತೆಗೆ ಹೇಗೆ ಬೆರೆಸಿದರು ಎಂಬುದೂ ಅಷ್ಟೇ ಮುಖ್ಯ. ಒಣ ಪುಡಿಯನ್ನು ನೇರವಾಗಿ ಹಾಲಿಗೆ ಸುರಿದರೆ ಅದು ಸುತ್ತಲಿನ ನೀರನ್ನೂ ಸಾಬೂನನ್ನೂ ಹೀರಿಕೊಂಡು, ಅಲ್ಲಲ್ಲೇ ಹಾಲು ಒಡೆದು ಗಂಟುಗಳಾಗುತ್ತವೆ; ಆ ಗಂಟುಗಳ ಸುತ್ತ ಕೋಶಗಳು ಕುಸಿದು ದೊಡ್ಡ ತೂತುಗಳಾಗುತ್ತವೆ. ಪುಡಿಯನ್ನು ಮೊದಲು ನೀರಿನಲ್ಲಿ, ಚದುರಿಸುವ ರಾಸಾಯನಿಕದ ಜೊತೆ, ಬಾಲ್ ಮಿಲ್ಲಿನಲ್ಲಿ ಗಂಟೆಗಟ್ಟಲೆ ಅರೆದು, ಹಾಲಿನಂತೆಯೇ ಕ್ಷಾರೀಯವಾಗಿಸಿ, ಆಮೇಲೆ ಬೆರೆಸುವುದು ಸರಿಯಾದ ಕ್ರಮ. ಅತಿ ಸೂಕ್ಷ್ಮವಾದ ಸಿಲಿಕಾ ಬೆರೆಸುವವರಿಗೆ ಇನ್ನೊಂದು ತೊಡಕಿದೆ: ಅದರ ಮೈ ವೇಗವರ್ಧಕಗಳನ್ನು ಹೀರಿಕೊಂಡು ವಲ್ಕನೀಕರಣವನ್ನೇ ನಿಧಾನ ಮಾಡುತ್ತದೆ. ಅದನ್ನು ಸರಿದೂಗಿಸದಿದ್ದರೆ ಅರೆಬೆಂದ ಫೋಮು ಕೈಗೆ ಬರುತ್ತದೆ, ಅರೆಬೆಂದ ಫೋಮಿನ ಕಂಪ್ರೆಷನ್ ಸೆಟ್ ಎಂದೂ ಚೆನ್ನಾಗಿರುವುದಿಲ್ಲ.

ಭತ್ತದ ಹೊಟ್ಟಿನ ಪುಡಿ, ನಾರಿನ ಪುಡಿ ಮುಂತಾದ ಸಸ್ಯಮೂಲದ ಫಿಲ್ಲರುಗಳನ್ನು ಪರಿಸರಸ್ನೇಹಿ ಎಂದು ಲೇಖನ ಹೊಗಳಿದೆ. ತ್ಯಾಜ್ಯವೊಂದು ಬಳಕೆಗೆ ಬರುವುದು ನನಗೂ ಸಂತೋಷವೇ. ಆದರೆ ಅವುಗಳ ಸೆಲ್ಯುಲೋಸಿನ ಮೈ ನೀರನ್ನು ಬಯಸುವಂಥದು, ರಬ್ಬರು ನೀರನ್ನು ದೂರವಿಡುವಂಥದು. ಇವೆರಡಕ್ಕೆ ಸಹಜವಾದ ಹೊಂದಾಣಿಕೆಯಿಲ್ಲ. ಅಲ್ಪ ಪ್ರಮಾಣದಲ್ಲೂ ಅವು ಫೋಮನ್ನು ಗಡಸು ಮಾಡಿ ಮರುಪುಟಿತವನ್ನು ಕುಗ್ಗಿಸುತ್ತವೆ, ತೇವವನ್ನು ಹೀರುತ್ತವೆ. ಕ್ಷಾರದಲ್ಲಿ ತೊಳೆದು ಮೈಯನ್ನು ಬದಲಿಸಿದರೆ ಅಂಟಿಕೆ ಒಂದಷ್ಟು ಸುಧಾರಿಸಬಹುದು. ಹಸಿರು ಎಂಬ ಒಂದೇ ಪದ ಯಾಂತ್ರಿಕ ಪರೀಕ್ಷೆಯ ಜಾಗವನ್ನು ತುಂಬಲಾರದು.

ಇಷ್ಟು ಹೇಳಿದ ಮೇಲೆ ಫಿಲ್ಲರನ್ನು ಕಲಬೆರಕೆ ಎಂದು ಏಕೆ ಒಪ್ಪುವುದಿಲ್ಲ ಎಂದು ತಾವು ಕೇಳಬಹುದು. ಎಲ್ಲ ಫೋಮೂ ಮಲಗಲು ಮಾಡಿದ್ದಲ್ಲ ಎಂಬುದೇ ನನ್ನ ಉತ್ತರ. ನೆಲಹಾಸಿನ ಅಡಿಗೆ ಹಾಕುವ ತೆಳು ಫೋಮಿಗೆ ಬಿಗಿತ ಬೇಕು, ಹೆಚ್ಚು ಹಿಗ್ಗುವ ಅಗತ್ಯವಿಲ್ಲ. ಅಲ್ಲಿ ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ಬಳಸಿದರೂ ಕೆಲಸ ಕೆಡುವುದಿಲ್ಲ. ಯಂತ್ರದ ಕಂಪನವನ್ನು ತಡೆಯುವ ಜಾಗದಲ್ಲಿ, ಮೇಲೆ ದೋಷವೆಂದು ಹೇಳಿದ ಶಕ್ತಿಯ ಸೋರಿಕೆಯೇ ನಮಗೆ ಬೇಕಾದ ಗುಣ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸುಮಾರು 200 ಡಿಗ್ರಿ ದಾಟಿದ ಮೇಲೆ ತನ್ನೊಳಗಿನ ನೀರನ್ನು ಹಬೆಯಾಗಿ ಬಿಟ್ಟು ಶಾಖ ಹೀರುತ್ತದೆ; ರಬ್ಬರು ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ, ಜನ ಕಿಕ್ಕಿರಿದು ಕೂರುವ ಜಾಗದ ಆಸನಗಳಿಗೆ ಒಂದಷ್ಟು ಪುಟಿತವನ್ನು ಬಿಟ್ಟುಕೊಟ್ಟಾದರೂ ಇದನ್ನು ಬೆರೆಸುವುದು ನ್ಯಾಯವಾದ ತೀರ್ಮಾನ. ಉದ್ದೇಶವನ್ನೂ ಪ್ರಮಾಣವನ್ನೂ ತಿಳಿಸಿ ಬೆರೆಸಿದ ಪುಡಿ ತಂತ್ರಜ್ಞಾನದ ಭಾಗ. ಮುಚ್ಚಿಟ್ಟು ಬೆರೆಸಿ ರಬ್ಬರಿನ ಬೆಲೆಗೆ ಮಾರಿದರೆ ಅದು ಮೋಸ, ಅದಕ್ಕೆ ತಮ್ಮ ಲೇಖನದ ಕಟು ಮಾತು ಸಲ್ಲುತ್ತದೆ.

ಪುಡಿ ಎಷ್ಟಿದೆ ಎಂದು ಕಂಡುಹಿಡಿಯುವುದು ಪರೀಕ್ಷಾಲಯಕ್ಕೆ ಕಷ್ಟದ ಕೆಲಸವಲ್ಲ. ತುಂಡನ್ನು ಮೂಸೆಯಲ್ಲಿಟ್ಟು 550 ಡಿಗ್ರಿಯ ಕುಲುಮೆಯಲ್ಲಿ ಸುಟ್ಟರೆ ರಬ್ಬರೆಲ್ಲ ಹೋಗಿ ಬೂದಿ ಉಳಿಯುತ್ತದೆ. ಫಿಲ್ಲರ್ ಇಲ್ಲದ ಫೋಮಿನಲ್ಲಿ ಆ ಬೂದಿ ಮುಖ್ಯವಾಗಿ ಜಿಂಕ್ ಆಕ್ಸೈಡಿನದು, ನೂರಕ್ಕೆ ಕೆಲವೇ ಭಾಗ. ಮೇಲೆ ಲೆಕ್ಕ ಹಾಕಿದ 50 ಭಾಗದ ಫೋಮಿನಲ್ಲಾದರೆ ತೂಕದ ಮೂರನೇ ಒಂದರಷ್ಟು ಬೂದಿ ಉಳಿಯುತ್ತದೆ. ಆ ಬೂದಿಗೆ ದುರ್ಬಲ ಆಮ್ಲದ ಹನಿ ಬಿಟ್ಟಾಗ ಚೆನ್ನಾಗಿ ನೊರೆ ಉಕ್ಕಿದರೆ ಕಾರ್ಬೊನೇಟ್ ಇದೆಯೆಂದು ಅರ್ಥ; ಜೇಡಿ ಮತ್ತು ಸಿಲಿಕಾ ಹಾಗೆ ಉಕ್ಕುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ಕೋರಿಕೆಗಳಿವೆ. ಆ ಲೇಖನದ ಎರಡು ವಾಕ್ಯಗಳಿಗೆ ಒಂದು ತಿದ್ದುಪಡಿ ಪ್ರಕಟಿಸಿ. ಮುಂದೆ ಫೋಮುಗಳನ್ನು ಹೋಲಿಸಿ ಬರೆಯುವಾಗ ಸಾಂದ್ರತೆಯೊಂದನ್ನೇ ಕೊಡದೆ, ತಯಾರಕರಿಂದ ನಾಲ್ಕು ಅಂಕಿಗಳನ್ನು ಕೇಳಿ ಅಕ್ಕಪಕ್ಕದಲ್ಲಿ ಮುದ್ರಿಸಿ: ಒಟ್ಟು ತೂಕದಲ್ಲಿ ರಬ್ಬರಿನ ಪಾಲು, ಫಿಲ್ಲರಿನ ಹೆಸರು ಮತ್ತು ಪ್ರಮಾಣ, 70 ಡಿಗ್ರಿಯಲ್ಲಿ 22 ಗಂಟೆಯ ಕಂಪ್ರೆಷನ್ ಸೆಟ್, ಮತ್ತು 80,000 ಸಲ ಒತ್ತಿ ಬಿಟ್ಟ ಮೇಲೆ ಕಳೆದುಹೋದ ಗಡಸುತನ ಎಷ್ಟು ಎಂಬುದು. ಅಂತರರಾಷ್ಟ್ರೀಯ ಮಾನಕಗಳಲ್ಲಿ ಈ ಒತ್ತಡದ ಪರೀಕ್ಷೆಗಳ ವಿಧಾನ ಬರೆದಿಟ್ಟದ್ದೇ ಇದೆ. ಫೋಮನ್ನು ಪರೀಕ್ಷಿಸಿಯೇ ಮಾರುವ ತಯಾರಕರ ಬಳಿ ಈ ಅಂಕಿಗಳು ಇದ್ದೇ ಇರುತ್ತವೆ. ಯಾರಾದರೂ ಕೊಡಲು ನಿರಾಕರಿಸಿದರೆ, ಅವರ ಫೋಮಿನ ಸಾಂದ್ರತೆಯ ಪಕ್ಕದಲ್ಲಿ ಉಳಿದ ಅಂಕಿಗಳನ್ನು ಕೊಡಲಿಲ್ಲ ಎಂದು ಮುದ್ರಿಸಿ.

ಇಂತಿ ತಮ್ಮ ವಿಶ್ವಾಸಿ,
ರಬ್ಬರ್ ಪರೀಕ್ಷಾಲಯದಲ್ಲಿ ದುಡಿದ ಓದುಗ